ಹದಿನೇಳನೆಯ ಡಬ್ಬಿ

ಸೊಲ್ಲಾಪುರ
3-7-1999

ಪ್ರೀತಿಯ ಆಯಿ,

ಈ ಕಾಗದವನ್ನು ಅಪ್ಪನ ಕೈಗೆ ಕೊಡಬೇಡ. ನಾಲ್ಕನೆಯ ಇಯತ್ತೆಯವರೆಗೆ ಸಾಲಿ ಕಲಿತಿದ್ದೀಯಲ್ಲ, ನಿಧಾನವಾಗಿ ನೀನೇ ಓದು.

ಸರ್ಜನ್ ಆಗಬೇಕಾದರೆ ನಾವೊಂದು ಸಂಶೋಧನೆ ಮಾಡಿ ಪ್ರಬಂಧ ಬರೆಯಬೇಕು. ನಾನು ಆರಿಸಿಕೊಂಡದ್ದು ಕರುಳು. ನಮ್ಮ ಕರುಳಿನಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಉಂಡದ್ದು ಮೈಗೆ ಹತ್ತುವುದರಲ್ಲಿ ಅವುಗಳ ಪಾಲೂ ಇದೆ. ಕರುಳಿನ ಆಪರೇಶನ್ ಆದ ಮೇಲೆ ಕೆಲವರ ಹೊಲಿಗೆ ಬೇಗ ಮಾಯುತ್ತದೆ, ಕೆಲವರದು ಕೀವು ತುಂಬುತ್ತದೆ. ಇದಕ್ಕೂ ಆ ಜೀವಿಗಳಿಗೂ ಏನಾದರೂ ಸಂಬಂಧ ಇದೆಯೇ ಎಂದು ನೋಡಬೇಕು. ಮೊದಲು ಜೋಳದ ರೊಟ್ಟಿ, ಮಜ್ಜಿಗೆ ಉಂಡು ಗಟ್ಟಿಯಾಗಿರುವವರ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿಯಬೇಕು. ಅದಕ್ಕೆ ಊರಿನ ವಯಸ್ಸಾದ ಹೆಣ್ಣುಮಕ್ಕಳಿಂದ ಬೆಳಗಿನ ಮಲ ಬೇಕು. ಹೆಬ್ಬೆರಳಿನಷ್ಟು ಸಾಕು. ನಗಬೇಡ.

ಸಿಂದಗಿ ಬಸ್ಸಿನ ಕಂಡಕ್ಟರ್ ಕಾಸಿಂಸಾಬರ ಕೈಯಲ್ಲಿ ಪೋಲಿಯೋ ಹನಿ ತರುವಂಥ ನೀಲಿ ಪೆಟ್ಟಿಗೆ ಕಳಿಸಿದ್ದೇನೆ. ಒಳಗೆ ಸಣ್ಣ ಡಬ್ಬಿಗಳಿವೆ, ಪ್ರತಿಯೊಂದಕ್ಕೂ ನಂಬರು ಇದೆ. ಯಾವ ನಂಬರು ಯಾರದು ಎಂದು ಜೊತೆಗಿಟ್ಟ ಹಾಳೆಯಲ್ಲಿ ಬರೆ. ವಾಪಸ್ಸು ಕಳಿಸುವಾಗ ಐಸು ತುಂಬಿ ಕಳಿಸು. ಇದು ಸಿಗದಿದ್ದರೆ ನನ್ನ ಒಂದು ವರ್ಷ ಹೋಗುತ್ತದೆ.

ನಿನ್ನ ಮೊಮ್ಮಗಳು ವಿದ್ಯಾ


ಯಂಕಂಚಿ
15-7-1999

ವಿದ್ಯಾ,

ನಗಬೇಡ ಎಂದು ಬರೆದಿದ್ದೀ. ನಗಲಿಲ್ಲ. ಒಂದು ಸಲ ಓದಿದೆ, ಕನ್ನಡಕ ಒರೆಸಿಕೊಂಡು ಮತ್ತೊಂದು ಸಲ ಓದಿದೆ, ಆಮೇಲೆ ನಿನ್ನ ಅವ್ವನನ್ನು ಕರೆದು ಓದಿಸಿದೆ. ಸುವರ್ಣಾ ಸೆರಗು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಓಡಿಹೋದಳು. ಅಂದು ಅವಳ ರೊಟ್ಟಿ ಒಂದೂ ದುಂಡಗೆ ಬರಲಿಲ್ಲ.

ಬೆಳಿಗ್ಗೆ ಚರಿಗೆ ಹಿಡಿದು ಬಯಲಕಡೆ ಹೋಗುವಾಗಲೇ ಮಾತು ತೆಗೆದೆ. ಅಲ್ಲಿ ಬಿಟ್ಟು ಅದನ್ನು ಎಲ್ಲಿ ಮಾತಾಡಲಿ? ಕುರಿಯವರ ಇಂದ್ರಾಬಾಯಿ ನಿಂತಲ್ಲೇ ನಿಂತಳು.

“ಅಲ್ಲಬೇ ಗುರವ್ವಕ್ಕಾ, ಮೊಮ್ಮಗಳನ್ನ ಇಷ್ಟು ವರ್ಷ ಓದಿಸಿದ್ದು ಇದಕ್ಕೇನು?”

“ಹೂಂನವಾ, ನಿನ್ನ ಕುರಿ ನಮ್ಮ ಹೊಲದಾಗ ಒಂದು ರಾತ್ರಿ ಕುಂತು ಹಿಕ್ಕಿ ಹಾಕಿದ್ರ ನೀ ಜ್ವಾಳ ಅಳಸ್ಕೊಂಡು ಹೋಗ್ತೀ. ಆವಾಗ ಬರಲಾರದ ನಾಚಿಕಿ ಈಗ ಎಲ್ಲಿಂದ ಬಂತು?”

ನಕ್ಕರು. ಆದರೆ ಹಾಳೆ ತೆಗೆದು ಹೆಸರು ಬರೆಯುತ್ತೇನೆ ಎಂದಾಗ ಎಲ್ಲರ ಮುಖ ಬಾಡಿತು. “ನಮ್ಮ ಹೆಸರ ಮುಂದ ಅದನ್ನ ಬರದು ಸೊಲ್ಲಾಪುರದ ಗಂಡಸರು ಓದೂದು ಬ್ಯಾಡ. ಮಕ್ಕಳ ಲಗ್ನ ಆಗೂವು ಅದಾವು” ಎಂದು ಒಬ್ಬೊಬ್ಬರೇ ಜಾರಿಕೊಂಡರು.

ನಾನು ಬಿಡುತ್ತೇನೆಯೇ? ಅಂದು ಮಧ್ಯಾಹ್ನ ಎಲ್ಲರನ್ನೂ ನಮ್ಮ ಪಡಸಾಲೆಗೆ ಕರೆದೆ. ಎಲ್ಲರ ಕಣ್ಣೆದುರು ನಿನ್ನ ಹಾಳೆಯನ್ನು ಒಲೆಗೆ ಹಾಕಿದೆ. ಗುಪ್ತದಾನ ಕೊಡುವಾಗ ಹೇಗೆ ಉಂಡಿಯೊಳಗೆ ರೊಕ್ಕ ಮುಚ್ಚಿ, ಕೊಟ್ಟವರು ಯಾರು ಎಂದು ಗೊತ್ತಾಗದಂತೆ ಕೊಡುತ್ತೇವೆ, ಹಾಗೆ ಮಾಡೋಣ ಎಂದೆ. ಡಬ್ಬಿಗಳನ್ನು ಜೋಳ ಕೇರುವ ಮರದಲ್ಲಿಟ್ಟು ಮೇಲೆ ಸೆರಗು ಮುಚ್ಚಿದೆ. ಕೈ ಹಾಕಿ ಸಿಕ್ಕದ್ದು ಒಯ್ದರು. ಮರುದಿನ ನಸುಕಿನಲ್ಲಿ ನಮ್ಮ ಕಟ್ಟೆಯ ಮೇಲೆ ಬುಟ್ಟಿ ಇಟ್ಟು ನಾನು ಒಳಗೆ ಹೋಗಿ ಕುಳಿತೆ. ಬಿಸಿಲು ಏರುವುದರೊಳಗೆ ಅಷ್ಟೂ ಡಬ್ಬಿ ತುಂಬಿ ಬಂದಿದ್ದವು. ಯಾವುದು ಯಾರದು ನನಗೂ ಗೊತ್ತಿಲ್ಲ, ದೇವರಿಗೆ ಗೊತ್ತು. ಹೆಸರು ತಗೊಂಡು ನೀನೇನು ಲಗ್ನಪತ್ರಿಕೆ ಹಾಕಿಸಬೇಕಾಗಿತ್ತೇ?

ಓಣಿಯ ಎಲ್ಲ ಮನೆಗೂ ಹೇಳಿದ್ದೇನೆ, ಒಂದು ಬಿಟ್ಟು. ಯಾವುದೆಂದು ನಿನಗೆ ಗೊತ್ತು. ನಿನ್ನ ಸಣ್ಣಾಯಿ ಚನ್ನವ್ವ, ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ನಿನ್ನ ಅಪ್ಪನ ಮದುವೆಯಲ್ಲಿ ಬೀಗರ ಮುಂದೆ ನನ್ನ ಹೋಳಿಗೆಯನ್ನು ಚಪ್ಪಲಿಯ ಅಟ್ಟೆ ಎಂದವಳು. ಅಂದಿನಿಂದ ನಾನು ಅವಳೊಡನೆ ಮಾತು ಬಿಟ್ಟಿದ್ದೇನೆ. ಅವಳು ಮಾತ್ರ ಬಿಟ್ಟಿಲ್ಲ, ನಡುಗೋಡೆಯ ಆಚೆ ನಿಂತು ತನ್ನ ಎಮ್ಮೆಗೆ ಹೇಳುತ್ತಾಳೆ:

“ಏ ಎಮ್ಮಿ, ನಿನ್ನ ಸಗಣಿ ಜ್ವಾಕಿಯಿಂದ ಇಟಗೊ. ಇಲ್ಲಂದ್ರ ಬಾಜೂ ಮನಿಯವ್ರು ಅದನ್ನೂ ಸೊಲ್ಲಾಪುರಕ್ಕ ಕಳಸ್ತಾರ.”

ನನ್ನ ಎಮ್ಮೆಗೂ ಕಿವಿ ಇದೆ. “ಎಮ್ಮಿ, ಕೆಲವರ ಹೊಟ್ಟಿಯೊಳಗ ಹೊಟ್ಟೆಕಿಚ್ಚು ಬಿಟ್ರ ಮತ್ತೇನಿಲ್ಲ, ಅವರದು ಡಬ್ಬಿಯೊಳಗ ಹಿಡಿಯೂದಿಲ್ಲ” ಎಂದೆ.

ನಿನ್ನ ಅಪ್ಪ ಪರಪ್ಪ ಮೂಗು ಮುಚ್ಚಿಕೊಂಡೇ ಪೆಟ್ಟಿಗೆಯನ್ನು ಸಿಂದಗಿಗೆ ಒಯ್ದು, ಸೋಡಾ ಅಂಗಡಿಯಲ್ಲಿ ಐಸು ತುಂಬಿಸಿ ಬಸ್ಸಿಗೆ ಹಾಕಿ ಬಂದ. ದಾರಿಯಲ್ಲಿ ಇಂಡಿ ಸ್ಟ್ಯಾಂಡಿನಲ್ಲಿ ಯಾರೋ ಒಬ್ಬಳು ಪೆಟ್ಟಿಗೆ ನೋಡಿ ಕೂಸನ್ನು ಎತ್ತಿಕೊಂಡು ಬಂದು, “ನಮ್ಮ ಕೂಸಿಗೂ ಎರಡು ಹನಿ ಹಾಕ್ರಿ” ಎಂದಳಂತೆ. ಕಾಸಿಂಸಾಬ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟನಂತೆ.

ವರ್ಷ ಹೋಗಬಾರದು. ಓದು.

ಗುರವ್ವ


ಸೊಲ್ಲಾಪುರ
24-7-1999

ಆಯಿ,

ಡಬ್ಬಿಗಳು ಚೆನ್ನಾಗಿ ಬಂದವು. ಹಾಳೆ ಸುಟ್ಟದ್ದಕ್ಕೆ ಮೊದಲು ಸಿಟ್ಟು ಬಂತು, ಆಮೇಲೆ ಹಾಸ್ಟೆಲಿನಲ್ಲಿ ಎಲ್ಲರಿಗೂ ನಿನ್ನ ಕಾಗದ ಓದಿ ಹೇಳಿದೆ. ಈಗ ನಗು ಬರುತ್ತಿಲ್ಲ.

ಸೂಕ್ಷ್ಮಜೀವಿ ಬೆಳೆಸುವ ಮೊದಲು ಪ್ರತಿ ಡಬ್ಬಿಯಲ್ಲಿ ರಕ್ತ ಇದೆಯೇ ಎಂದು ಒಂದು ಔಷಧಿ ಹಾಕಿ ನೋಡುತ್ತೇವೆ. ಕಣ್ಣಿಗೆ ಕಾಣದಷ್ಟು ರಕ್ತ ಇದ್ದರೂ ನೀಲಿ ಬಣ್ಣ ಬರುತ್ತದೆ. ಹದಿನೇಳನೆಯ ಡಬ್ಬಿ ಕಡುನೀಲಿಯಾಯಿತು. ಮತ್ತೊಮ್ಮೆ ನೋಡಿದೆ, ಹಾಗೇ ಬಂತು. ಮೂಲವ್ಯಾಧಿ ಇರಬಹುದು. ದೊಡ್ಡ ಕರುಳಿನಲ್ಲಿ ಗಂಟೂ ಇರಬಹುದು. ಗಂಟಾಗಿದ್ದರೆ, ಈಗ ಸಿಕ್ಕರೆ ಕತ್ತರಿಸಿ ತೆಗೆಯಬಹುದು. ಇನ್ನೊಂದು ವರ್ಷ ಬಿಟ್ಟರೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಆಯಿ, ನಿಜ ಹೇಳು. ಹದಿನೇಳು ಯಾರದು? ನಿನ್ನದೇ?

ವಿದ್ಯಾ


ಯಂಕಂಚಿ
30-7-1999

ವಿದ್ಯಾ,

ನನ್ನದಲ್ಲ. ನನಗೆ ಕೊನೆಯಲ್ಲಿ ಉಳಿದದ್ದು ನಾಲ್ಕನೆಯ ಡಬ್ಬಿ. ನನ್ನ ಕರುಳು ಇನ್ನೂ ಇಬ್ಬರು ಮೊಮ್ಮಕ್ಕಳ ಮದುವೆಯ ಊಟ ಉಣ್ಣುವಷ್ಟು ಗಟ್ಟಿ ಇದೆ.

ನಾನು ಜಾಣತನ ಎಂದುಕೊಂಡು ಮಾಡಿದ್ದು ಒಬ್ಬಳ ಕೊರಳಿಗೆ ಬಂತು. ಆ ಕಾಗದ ಓದಿದ ಮೇಲೆ ಎರಡು ಹೊತ್ತು ಊಟ ಸೇರಲಿಲ್ಲ. ಆಮೇಲೆ ಉಂಡೆ. ಉಪವಾಸ ಇದ್ದರೆ ಹದಿನೇಳು ಸಿಗುತ್ತದೆಯೇ?

ಮನೆಮನೆಗೆ ಹೋಗಿ ಕೇಳಿದೆ. “ಯವ್ವಾ, ಬಯಲಕಡಿ ಹೋದಾಗ ರಕ್ತ ಏನರೆ ಬೀಳತೈತೇನು?” ಎಂದರೆ ಎಲ್ಲರೂ ಒಂದೇ ಪಾಠ: “ನನಗ್ಯಾಕ ಬೀಳತೈತಿ? ಬ್ಯಾರೇದವರನ್ನ ಕೇಳು.” ಈ ಊರಲ್ಲಿ ಹೆಂಗಸರಿಗೆ ಮೊಣಕಾಲು ನೋವು ಬಿಟ್ಟರೆ ಬೇರೆ ಯಾವ ರೋಗವೂ ಇರಬಾರದು.

ಆದ್ದರಿಂದ ಹಿಟ್ಟಿನ ಗಿರಣಿಯ ಮುಂದೆ, ಎಲ್ಲರೂ ಪಾಳಿ ಹಚ್ಚಿ ನಿಂತಾಗ, ಗಿರಣಿ ಬಂದ್ ಮಾಡಿಸಿ ಗಟ್ಟಿಯಾಗಿ ಹೇಳಿದೆ.

“ನಮ್ಮೊಳಗ ಒಬ್ಬಾಕಿ ಕರುಳಾಗ ರಕ್ತ ಐತಿ. ಯಾರದು ಅಂತ ನನಗ ಗೊತ್ತಿಲ್ಲ, ಯಾಕಂದ್ರ ಹಾಳಿ ಸುಟ್ಟಾಕಿ ನಾನ. ಈಗ ಎಲ್ಲಾರೂ ಮತ್ತ ಕೊಡ್ಬೇಕು, ಹೆಸರು ಬರಸ್ಕೊಂಡು. ಮೊದಲು ನಂದ ಬರೀತೇನಿ. ಯಾರಿಗೆ ನಾಚಿಕಿ ಬರತೈತೋ ಅವರು ಹೆಣ ಆದ್ಮ್ಯಾಲ ನಾಚ್ಕೊಳ್ರಿ, ಆವಾಗ ಬಾಳ ಹೊತ್ತು ಇರತೈತಿ.”

ಮೊದಲು ಇಂದ್ರಾಬಾಯಿಯೇ ಹಿಟ್ಟಿನ ಡಬ್ಬ ಕೆಳಗಿಟ್ಟು, “ಬರಕೋಬೇ, ಇಂದ್ರಾಬಾಯಿ ಗಂಡ ಅಮಸಿದ್ದ. ಪೂರಾ ಹೆಸರು ಬರಿ, ಮಂದಿ ಮತ್ತೊಬ್ಬಾಕಿ ಅಂತ ತಿಳಕೋಬಾರ್ದು” ಎಂದಳು.

ಡಬ್ಬಿ ಕಳಿಸು. ಲಗೂನ ಕಳಿಸು.

ಗುರವ್ವ


ಸೊಲ್ಲಾಪುರ
21-8-1999

ಆಯಿ,

ಎರಡನೆಯ ಸಲದ ಎಲ್ಲ ಡಬ್ಬಿಗಳನ್ನೂ ನೋಡಿದೆ. ಒಂದರಲ್ಲೂ ರಕ್ತ ಇಲ್ಲ. ಹೆಸರು, ನಂಬರು ಎಲ್ಲ ಸರಿಯಾಗಿವೆ. ನನ್ನ ಪ್ರಬಂಧಕ್ಕೆ ಇವೇ ಸಾಕು. ವರ್ಷ ಉಳಿಯಿತು, ನಿನ್ನಿಂದ.

ಹದಿನೇಳರ ವಿಷಯ ನನಗೆ ಸರ್ಜರಿ ಕಲಿಸುವ ಸರ್‌ಗೆ ಹೇಳಿದೆ. ಮೂಲವ್ಯಾಧಿಯ ರಕ್ತ ಇದ್ದಿರಬಹುದು, ಈಗ ನಿಂತಿರಬಹುದು, ಎಲ್ಲರನ್ನೂ ಮತ್ತೆ ನೋಡಿಯಾಯಿತಲ್ಲ ಎಂದರು. ನನಗೂ ಹಾಗೇ ಅನಿಸುತ್ತದೆ. ನೀನು ಇನ್ನು ಊರು ಸುತ್ತಬೇಡ.

ವಿದ್ಯಾ


ಯಂಕಂಚಿ
29-8-1999

ವಿದ್ಯಾ,

ನಿನಗೂ ನಿನ್ನ ಸರ್‌ಗೂ ಸಮಾಧಾನ ಆಗಿದ್ದರೆ ಆಗಲಿ. ನನಗೆ ಆಗಲಿಲ್ಲ. ಮೊದಲನೆಯ ಸಲ ಪೂರಾ ಪೆಟ್ಟಿಗೆ ತುಂಬಿತ್ತು. ಎರಡನೆಯ ಸಲ ನೀನು ಅಷ್ಟೇ ಡಬ್ಬಿ ಕಳಿಸಿದ್ದೆ, ಎಲ್ಲರೂ ಕೊಟ್ಟ ಮೇಲೂ ಒಂದು ಖಾಲಿ ಉಳಿಯಿತು. ನೀನು ತುಂಬಿದ್ದನ್ನು ನೋಡಿದೆ, ನಾನು ಖಾಲಿ ಇದ್ದದ್ದನ್ನು ನೋಡಿದೆ.

ಯಾರು ಎರಡು ಒಯ್ದರು ಎಂದು ಕುಳಿತು ಯೋಚಿಸಿದೆ. ಬಳೆ ಇಡುವ ಮಾಬುಬಿ ಅಂದು ಮರದೊಳಗೆ ಬಹಳ ಹೊತ್ತು ಕೈ ಆಡಿಸಿದ್ದಳು. ಬಳೆ ಇಡಿಸಿಕೊಳ್ಳುವ ನೆವ ಮಾಡಿ ಅವಳನ್ನು ಕರೆದೆ. ಅವಳ ಕೈ ನನ್ನ ಕೈಯೊಳಗೆ ಇದ್ದಾಗಲೇ ಕೇಳಿದೆ, ಓಡಿಹೋಗಬಾರದಲ್ಲ.

“ಎರಡನೇದು ಯಾರಿಗಿ ಒಯ್ದಿ?”

“ಮಾತು ಕೊಟ್ಟೇನ್ರಿ ಯಕ್ಕಾ. ಕೇಳಬ್ಯಾಡ್ರಿ.”

“ನಾ ಕೇಳೂದಿಲ್ಲ. ನೀ ಹೇಳಬ್ಯಾಡ. ನಿನ್ನ ಬಳಿ ಗಂಟು ತಗೊಂಡು ಈಗ ಆಕಿ ಮನಿ ಕಡಿ ಹೋಗು, ನಾ ಇಲ್ಲೇ ಕುಂತು ನೋಡ್ತೇನಿ.”

ಮಾಬುಬಿ ಕಣ್ಣು ತುಂಬಿಕೊಂಡು ಎದ್ದಳು. ನಮ್ಮ ಕಟ್ಟೆ ಇಳಿದಳು. ಪಕ್ಕದ ಕಟ್ಟೆ ಏರಿದಳು.

ಚನ್ನವ್ವ.

ಸಂಜೆ ಹಾಲು ಕರೆಯುವ ಹೊತ್ತಿಗೆ ನಾನು ನಡುಗೋಡೆಗೆ ಹೋಗಿ ನಿಂತೆ. ಆಚೆ ಚೊಂಬಿನಲ್ಲಿ ಹಾಲು ಬೀಳುವ ಸದ್ದು ಬರುತ್ತಿತ್ತು.

“ಏ ಎಮ್ಮಿ,” ಎಂದೆ. “ರಕ್ತ ಬೀಳಾಕತ್ತಿದ್ರ ಮುಚ್ಚಿಟ್ಕೊಂಡು ಕುಂದ್ರಬಾರ್ದು.”

ಹಾಲಿನ ಸದ್ದು ನಿಂತಿತು. “ಎಮ್ಮಿ, ಮಂದಿ ಮಾತು ಕೇಳಬ್ಯಾಡ, ನೀ ಸುಮ್ನ ಹಾಲು ಬಿಡು” ಎಂದಳು.

“ಯಾವಾಗಿಂದ ಐತಿ ಎಮ್ಮಿ?”

“ಯುಗಾದಿಯಿಂದ.” ಈ ಸಲ ಅವಳು ಎಮ್ಮೆಯ ಹೆಸರು ಹೇಳಲಿಲ್ಲ.

ನಾನು ಕಲ್ಲಿನ ಮೇಲೆ ಹತ್ತಿ ಗೋಡೆಯ ಮೇಲಿಂದ ಮುಖ ಹಾಕಿದೆ. ವಿದ್ಯಾ, ಪಕ್ಕದ ಮನೆಯಲ್ಲೇ ಇದ್ದರೂ ನಾನು ಅವಳನ್ನು ಸರಿಯಾಗಿ ನೋಡಿಯೇ ಎಷ್ಟೋ ದಿನವಾಗಿತ್ತು. ಕೊರಳ ಎಲುಬು ಕಾಣುತ್ತಿವೆ. ಕುಪ್ಪಸ ಬೇರೆಯವರದು ತೊಟ್ಟಂತೆ ಜೋಲುತ್ತಿದೆ.

“ಚನ್ನೀ, ಡಬ್ಬಿ ಕಳ್ಳತನದಿಂದ ಯಾಕ ಕಳಿಸಿದಿ? ನನಗ ಹೇಳಿದ್ರ ನಾಲಿಗಿ ಬಿದ್ದು ಹೋಗ್ತಿತ್ತೇನು?”

“ನಿನ್ನ ಮೊಮ್ಮಗಳಿಗಿ ಗೊತ್ತಾಗ್ಲಿ ಅಂತ ಕಳಿಸಿದೆ. ನಿನಗ ಗೊತ್ತಾಗ್ಲಿ ಅಂತಲ್ಲ.” ಆಮೇಲೆ ದನಿ ಇಳಿಸಿ, “ಡಬ್ಬಿ ಮ್ಯಾಲ ನಂಬರ ಇತ್ತು. ಆ ನಂಬರ ನಂದು ಅಂತ ಮಾಬುಬಿ ವಿದ್ಯಾಗ ಹೆಂಗರೆ ಮುಟ್ಟಿಸಿರ್ತಾಳ ಅಂತ ತಿಳಕೊಂಡೆ. ವಿದ್ಯಾಂದು ಕಾಗದ ಬರತೈತಿ ಅಂತ ದಿನಾ ಪೋಸ್ಟ್‌ಮನ್ ಹಾದಿ ನೋಡಿದೆ. ನಿನಗ ಕಾಗದ ಬರ್ತಿದ್ವು. ನನಗ ಬರಲಿಲ್ಲ. ಅದಕ್ಕ ಏನೂ ಇಲ್ಲ ಅಂತ ತಿಳಕೊಂಡು ಸುಮ್ನಾದೆ” ಎಂದಳು.

ಗಿರಣಿಯ ಮುಂದೆ ನಾನು ಕೂಗಿದ್ದು ಅವಳಿಗೆ ಗೊತ್ತೇ ಇಲ್ಲ. ಆ ದಿನ ಅವಳು ಹಾಸಿಗೆಯಿಂದ ಎದ್ದಿರಲಿಲ್ಲವಂತೆ. ಮಾಬುಬಿ ಹೇಳಲು ಹೆದರಿದ್ದಾಳೆ.

ಈಗ ಅವಳಿಗೊಂದು ಕಾಗದ ಬರೆ. ಅವಳ ಹೆಸರಿಗೇ ಬರೆ. ಏನೇನು ಮಾಡಬೇಕು ಎಂದು ನನಗೂ ಬರೆ. ಅವಳು ಹಟಮಾರಿ. ನಾನೂ ಇದ್ದೇನೆ.

ಗುರವ್ವ


ಸೊಲ್ಲಾಪುರ
4-9-1999

ಆಯಿ,

ನಿನ್ನ ಕಾಗದ ಹಿಡಿದುಕೊಂಡು ಸರ್ ಮುಂದೆ ನಿಂತೆ. ಅವರು ಪೂರ್ತಿ ಓದಿಸಿಕೊಂಡರು. “ಕರೆಸು” ಎಂದರು, ಅಷ್ಟೇ. ಸಣ್ಣಾಯಿಗೆ ಬೇರೆ ಕಾಗದ ಬರೆದು ಇದರ ಜೊತೆಗೇ ಹಾಕಿದ್ದೇನೆ. ಅದರಲ್ಲಿ ಬಾ ಎಂದಷ್ಟೇ ಇದೆ. ಉಳಿದದ್ದನ್ನು ನೀನು ಹೇಳು.

ಇಲ್ಲಿ ದುರ್ಬೀನು ಹಾಕಿ ಕರುಳು ನೋಡುತ್ತಾರೆ. ಗಂಟು ಇದ್ದರೆ ಆಪರೇಶನ್. ಗಂಟಿರುವ ತುಂಡು ಕತ್ತರಿಸಿ ತೆಗೆದು ಎರಡು ತುದಿಗಳನ್ನು ಕೂಡಿಸಿ ಹೊಲಿಯುತ್ತಾರೆ. ನೀನು ಕೌದಿಗೆ ತೇಪೆ ಹಚ್ಚುವ ಹಾಗೆ ಅಂದುಕೋ, ಆದರೆ ಹೊಲಿಗೆಯೊಳಗಿಂದ ಒಂದು ಹನಿಯೂ ಸೋರಬಾರದು. ತುದಿಗಳು ಗಟ್ಟಿಯಾಗಿಲ್ಲದಿದ್ದರೆ ಆ ಹೊಲಿಗೆ ನಂಬುವ ಹಾಗಿಲ್ಲ. ಆಗ ಕರುಳಿನ ಒಂದು ತುದಿಯನ್ನು ಹೊಟ್ಟೆಯ ಪಕ್ಕದಿಂದ ಹೊರಗೆ ತಂದು ಚೀಲ ಹಚ್ಚುತ್ತಾರೆ. ಮಲ ಅದರೊಳಗೆ ಬೀಳುತ್ತದೆ. ಕೆಲವು ತಿಂಗಳ ಮೇಲೆ ಮತ್ತೆ ಒಳಗೆ ಕೂಡಿಸಬಹುದು. ಚೀಲ ಬೇಕೋ ಬೇಡವೋ ಎನ್ನುವುದು ಹೊಟ್ಟೆ ತೆರೆದ ಮೇಲೆಯೇ ಗೊತ್ತಾಗುತ್ತದೆ. ನಾನು ಮಾತು ಕೊಡಲಾರೆ, ಸರ್ ಕೂಡ ಕೊಡುವುದಿಲ್ಲ.

ಇದನ್ನು ಪೂರ್ತಿ ಓದಿ ಹೇಳು, ಆಯಿ. ಅರ್ಧ ಹೇಳಬೇಡ.

ವಿದ್ಯಾ


ಯಂಕಂಚಿ
11-9-1999

ವಿದ್ಯಾ,

ಚನ್ನಿ ಬರುತ್ತಾಳೆ. ಹೇಗೆ ಒಪ್ಪಿಸಿದೆ ಎಂದು ಕೇಳಬೇಡ. ನಿನ್ನ ಕಾಗದವನ್ನು ಎದೆಗೆ ಒತ್ತಿಕೊಂಡು ಮನೆಯವರಿಗೆಲ್ಲ ತೋರಿಸಿದಳು. “ನೋಡ್ರಿ, ನನ್ನ ಹೆಸರಿಗೆ ಬಂದೈತಿ” ಎಂದಳು. ಅದಾದ ಮೇಲೆ ಮುಖ ಗಂಟು ಹಾಕಿಕೊಂಡು ನನಗೊಂದು ಕರಾರು ಹಾಕಿದಳು:

“ಇಕಿ ಬಸ್ ಹತ್ತಿದ್ರ ನಾ ಇಳೀತೇನಿ. ಹಾದಿ ಉದ್ದಕ್ಕೂ ಇಕಿ ಉಪದೇಶ ಕೇಳ್ಕೊಂತ ಹೋಗೂದಕಿಂತ ಇಲ್ಲೇ ಸಾಯೂದು ಚಲೋ.”

ಅದಕ್ಕೆ ನಾನು ಬರುವುದಿಲ್ಲ. ಅವಳ ಮಗ ಶ್ರೀಶೈಲ ಕರೆದುಕೊಂಡು ಬರುತ್ತಾನೆ. ಬೆಳೆಯ ಕಳೆ ತೆಗೆಸಿದ ಕೂಡಲೇ ಹೊರಡುತ್ತಾರೆ.

ಹೇಳಬೇಕಾದದ್ದನ್ನು ಹೇಳಿದ್ದೇನೆ. ಕಾಳಜಿ ಮಾಡಬೇಡ.

ಗುರವ್ವ


ಸೊಲ್ಲಾಪುರ
9-10-1999

ಆಯಿ,

ಇದನ್ನು ಕಾಸಿಂಸಾಬರ ಕೈಯಲ್ಲಿ ಕಳಿಸುತ್ತಿದ್ದೇನೆ, ಪೋಸ್ಟಿಗೆ ಪುರಸೊತ್ತಿಲ್ಲ.

ಗಂಟು ಇದೆ. ಕ್ಯಾನ್ಸರ್. ಆದರೆ ಬೇರೆ ಕಡೆ ಹರಡಿದ ಹಾಗೆ ಕಾಣುವುದಿಲ್ಲ, ತೆಗೆದರೆ ಉಳಿಯುತ್ತಾರೆ ಎಂದು ಸರ್ ಹೇಳುತ್ತಾರೆ. ಗುರುವಾರ ಆಪರೇಶನ್ ಇಟ್ಟಿದ್ದಾರೆ.

ನಿನ್ನೆ ಸಹಿ ತೆಗೆದುಕೊಳ್ಳುವಾಗ ನಾನು ಚೀಲದ ಮಾತು ತೆಗೆದೆ. ಸಣ್ಣಾಯಿ ನನ್ನ ಮುಖ ನೋಡಿ, “ಎಂಥಾ ಚೀಲ?” ಎಂದರು. ನೀನು ಹೇಳಿಯೇ ಇಲ್ಲ. ಅರ್ಧ ಓದಿ ಮಡಚಿಟ್ಟಿದ್ದೀ.

ವಿವರಿಸಿದೆ. ಕೇಳಿ ಮುಗಿಸಿದವರೇ ಎದ್ದು ಸೀರೆ ಸರಿಮಾಡಿಕೊಂಡು ಬಟ್ಟೆಬರೆ ಕಟ್ಟಲು ಶುರುಮಾಡಿದರು. “ಇಂದಿಗೂ ಒಂದು ದಿನಾ ಲಿಂಗಪೂಜಿ ತಪ್ಪಿಸಿಲ್ಲ. ಹೊಟ್ಟಿಗಿ ಹೇಲಿನ ಚೀಲ ಕಟ್ಕೊಂಡು ಲಿಂಗಾ ಅಂಗೈಯಾಗ ಹೆಂಗ ಹಿಡೀಲಿ ವಿದ್ಯಾ? ಮೈಲಿಗಿ ಆಗಿ ಬದಕೂದಕಿಂತ ಮಡಿಯಾಗಿ ಹೋಗ್ತೇನಿ” ಎನ್ನುತ್ತಾರೆ. ಶ್ರೀಶೈಲ ಕಾಕಾ ಅತ್ತು ಬೇಡಿಕೊಂಡರೂ ಕೇಳುತ್ತಿಲ್ಲ. ಸೋಮವಾರದ ಬಸ್ಸಿಗೆ ಊರಿಗೆ ಹೊರಡುತ್ತಾರಂತೆ. ಇಷ್ಟವಿಲ್ಲದವರ ಮೇಲೆ ನಾವು ಚಾಕು ಇಡುವ ಹಾಗಿಲ್ಲ. ಚೀಲ ಬೇಕಾಗುವುದಿಲ್ಲ ಎಂದು ಸುಳ್ಳು ಹೇಳಲೂ ನಾನು ತಯಾರಿಲ್ಲ.

ನಾನು ಡಾಕ್ಟರಾಗಿ ಹೇಳುವುದನ್ನೆಲ್ಲ ಹೇಳಿದ್ದೇನೆ. ಇನ್ನು ನಿನಗೆ ಬಿಟ್ಟದ್ದು.

ವಿದ್ಯಾ


ಯಂಕಂಚಿ
10-10-1999

ಚನ್ನೀ,

ಇದು ನಿನಗೆ ನಾನು ಬರೆಯುವ ಮೊದಲನೆಯ ಕಾಗದ. ಕಾಸಿಂಸಾಬ ತರುತ್ತಾನೆ, ವಿದ್ಯಾ ಓದಿ ಹೇಳುತ್ತಾಳೆ. ನಡುವೆ ಬಾಯಿ ಹಾಕಬೇಡ. ಎದ್ದು ಹೋಗುವುದಿದ್ದರೆ ಕೇಳಿ ಮುಗಿಸಿ ಹೋಗು.

ಚೀಲದ ಮಾತು ನನಗೆ ಗೊತ್ತಿತ್ತು. ಬೇಕೆಂದೇ ಹೇಳಲಿಲ್ಲ. ಹೇಳಿದ್ದರೆ ನೀನು ಬಸ್ಸು ಹತ್ತುತ್ತಿರಲಿಲ್ಲ. ಮೊದಲು ನಿನ್ನನ್ನು ಅಲ್ಲಿ ಮುಟ್ಟಿಸಬೇಕು, ಉಳಿದದ್ದು ಆಮೇಲೆ ಎಂದುಕೊಂಡೆ. ಬೈಯುವುದಿದ್ದರೆ ಬೈಯಿ, ಆದರೆ ಬೈಯಲು ಮನುಷ್ಯಳು ಉಳಿದಿರಬೇಕು.

ಈಗ ಮಡಿ ಮೈಲಿಗೆಯ ಮಾತು. ನೀನು ಹರೆಯದಿಂದಲೂ ದಿನಾ ಸ್ನಾನ ಮಾಡಿ ವಿಭೂತಿ ಹಚ್ಚಿ ಪೂಜೆಗೆ ಕೂಡುತ್ತೀ. ಯಾವತ್ತೂ ತಪ್ಪಿಸಿಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಒಂದು ಮಾತು ಕೇಳುತ್ತೇನೆ. ಹಾಗೆ ಕೂತಾಗ ನಿನ್ನ ಹೊಟ್ಟೆಯೊಳಗಿನದನ್ನು ಎಲ್ಲಿ ಇಟ್ಟು ಬರುತ್ತಿದ್ದೆ? ಕಟ್ಟೆಯ ಮೇಲೆ ಇಟ್ಟು ಬರುತ್ತಿದ್ದೆಯಾ? ಮಾಬುಬಿಯ ಕೈಯಲ್ಲಿ ಕೊಟ್ಟು ಬರುತ್ತಿದ್ದೆಯಾ? ಅದು ನಿನ್ನೊಳಗೇ ಇತ್ತು, ಲಿಂಗ ನಿನ್ನ ಅಂಗೈಯಲ್ಲಿತ್ತು. ನಡುವೆ ಇದ್ದದ್ದು ಒಂದು ಬೆರಳು ದಪ್ಪದ ಚರ್ಮ. ಆ ಚರ್ಮ ದೇವರದು, ಈ ಚೀಲ ಡಾಕ್ಟರದು. ಇಷ್ಟು ವರ್ಷ ಶಿವನು ಅಷ್ಟನ್ನು ಸಹಿಸಿಕೊಂಡು ನಿನ್ನ ಪೂಜೆ ತಗೊಂಡಿದ್ದಾನೆ. ಈಗ ಆರು ತಿಂಗಳು ಒಂದು ಗೇಣು ಆಚೆ ಇಟ್ಟುಕೊಂಡೆ ಎಂದು ಅವನು ಮೂಗು ಮುರಿಯುತ್ತಾನೆಯೇ? ಮೂಗು ಮುರಿಯುವವರು ನಾವು, ಚನ್ನೀ. ಅದರಲ್ಲೂ ನೀನು ಮತ್ತು ನಾನು.

ಮತ್ತೆ ಇದನ್ನೂ ಕೇಳು. ಹೆಣವಾಗಿ ಮಡಿ ಉಳಿಸಿಕೊಂಡರೆ ಮರುದಿನ ಪೂಜೆ ಮಾಡುವವರು ಯಾರು? ನಿನ್ನ ಸೊಸೆಯೇ? ಅವಳು ಒಂಬತ್ತು ಗಂಟೆಗೆ ಏಳುತ್ತಾಳೆ.

ನೀನು ಹೋದರೆ ನನ್ನ ಹೋಳಿಗೆ ಚೆನ್ನಾಗಿಲ್ಲ ಎಂದು ಮುಖದ ಮೇಲೆ ಹೇಳುವವರು ಈ ಊರಲ್ಲಿ ಯಾರೂ ಉಳಿಯುವುದಿಲ್ಲ. ಎಲ್ಲರೂ ನನಗೆ ಹೆದರುತ್ತಾರೆ. ಹೆದರದವಳು ನೀನೊಬ್ಬಳೇ.

ಸಹಿ ಹಾಕು. ಹಾಕದೆ ಬಸ್ಸು ಹತ್ತಿದರೆ ನಾನು ಸಿಂದಗಿ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ, ತಿಳಿದುಕೋ. ಅಲ್ಲಿಂದಲೇ ಅದೇ ಬಸ್ಸಿಗೆ ಹತ್ತಿಸಿ ವಾಪಸ್ಸು ಒಯ್ಯುತ್ತೇನೆ, ಈ ಸಲ ನಿನ್ನ ಬಾಜೂ ಸೀಟಿನಲ್ಲಿ ಕೂತು.

ಗುರವ್ವ


ಸೊಲ್ಲಾಪುರ
22-10-1999

ಆಯಿ,

ಆಪರೇಶನ್ ಆದ ಗುರುವಾರವೇ ಫೋನಿನಲ್ಲಿ ಅಪ್ಪನಿಗೆ ಹೇಳಿದ್ದೆ, ಪೂರಾ ಈಗ ಬರೆಯುತ್ತಿದ್ದೇನೆ. ವಾರವಿಡೀ ವಾರ್ಡು ಬಿಟ್ಟು ಕದಲಿಲ್ಲ. ಇದನ್ನೂ ಕಾಸಿಂಸಾಬರ ಕೈಯಲ್ಲೇ ಕಳಿಸುತ್ತಿದ್ದೇನೆ.

ನಿನ್ನ ಕಾಗದವನ್ನು ಓದಿ ಹೇಳಿದಾಗ ಸಣ್ಣಾಯಿ ಕಣ್ಣು ಮುಚ್ಚಿಕೊಂಡು ಕೇಳಿದರು. ಪೂಜೆಯ ಮಾತು ಬಂದಲ್ಲಿ “ಮತ್ತೊಮ್ಮಿ ಓದು” ಎಂದರು. ಸೊಸೆಯ ಮಾತು ಬಂದಾಗ ಒಂದು ಸಲ ನಕ್ಕರು. ಆಮೇಲೆ ಕೈ ಚಾಚಿ ಪೆನ್ನು ಕೇಳಿದರು. ಹೆಬ್ಬೆಟ್ಟು ಒತ್ತಿದರೆ ಸಾಕು ಎಂದರೂ ಕೇಳದೆ, ಒಂದೊಂದೇ ಅಕ್ಷರ ಕೂಡಿಸಿ ‘ಚನ್ನವ್ವ’ ಎಂದು ಬರೆದರು. ಅಷ್ಟಾಗಲು ಬಹಳ ಹೊತ್ತು ಹಿಡಿಯಿತು. ಸರ್ ನಿಂತು ಕಾದರು.

ಗಂಟು ಪೂರ್ತಿ ಬಂತು. ಕರುಳಿನ ತುದಿಗಳು ಸೊರಗಿದ್ದವು, ಸರ್ ಮುಟ್ಟಿ ನೋಡಿ ತಲೆಯಾಡಿಸಿದರು. ಚೀಲ ಹಾಕಬೇಕಾಯಿತು. ಬೇಸಿಗೆಯಲ್ಲಿ ಮತ್ತೆ ಕೂಡಿಸುತ್ತಾರೆ. ಕೀವು ಇಲ್ಲ, ಜ್ವರ ಇಲ್ಲ.

ಎಚ್ಚರಾದ ಮೇಲೆ ಎರಡು ದಿನ ಹೊದಿಕೆ ಸರಿಸಿ ನೋಡಿಕೊಳ್ಳಲೇ ಇಲ್ಲ. ಮೂರನೆಯ ಬೆಳಿಗ್ಗೆ ನಾನು ಹೋಗುವುದರೊಳಗೆ ದಿಂಬಿಗೆ ಒರಗಿ ಕೂತಿದ್ದರು. ಹಣೆಗೆ ವಿಭೂತಿ ಇತ್ತು, ಅಂಗೈಯಲ್ಲಿ ಲಿಂಗ ಇತ್ತು. ಪಕ್ಕದ ಮಂಚದವಳು ಏನೋ ಗೊಣಗಿದ್ದಕ್ಕೆ, “ನಿಂದು ಎಲ್ಲಿ ಇಟ್ಟು ಬಂದೀ ತಂಗೀ?” ಎಂದು ಕೇಳಿ ಅವಳ ಬಾಯಿ ಮುಚ್ಚಿಸಿದರು. ಈಗ ವಾರ್ಡಿನಲ್ಲಿ ಇವರ ಮಾತಿಗೆ ಯಾರೂ ಎದುರಾಡುವುದಿಲ್ಲ.

ಒಂದು ತೊಂದರೆ ಇದೆ. ಚೀಲ ಬದಲಿಸುವುದು, ಸುತ್ತಲಿನ ಚರ್ಮ ತೊಳೆಯುವುದು, ಇದನ್ನು ಮನೆಯ ಒಬ್ಬರು ಇಲ್ಲಿಗೆ ಬಂದು ನರ್ಸಮ್ಮನಿಂದ ಕಲಿತುಕೊಳ್ಳಬೇಕು. ಸೊಸೆಗೆ ನೋಡಿದರೆ ತಲೆ ತಿರುಗುತ್ತದೆ. ಯಾರನ್ನು ಕರೆಸಲಿ ಎಂದು ಸಣ್ಣಾಯಿಯನ್ನೇ ಕೇಳಿದೆ. ಗೋಡೆಯ ಕಡೆ ಮುಖ ಮಾಡಿ ಹೇಳಿದ್ದನ್ನು ಇದ್ದಂತೆ ಬರೆಯುತ್ತಿದ್ದೇನೆ, ನನ್ನ ಮೇಲೆ ಸಿಟ್ಟಾಗಬೇಡ:

“ಇಂಥಾ ಹೊಲಸು ಕೆಲಸಕ್ಕ ಅಷ್ಟ ಹೊಲಸು ನಾಲಿಗಿಯಾಕಿನ ಬೇಕು. ಆಕಿಗೇ ಬರಾಕ ಹೇಳು. ಬರುವಾಗ ಹೋಳಿಗಿ ಮಾತ್ರ ತರಬ್ಯಾಡ ಅಂತ ಹೇಳು.”

ವಿದ್ಯಾ


ಯಂಕಂಚಿ
23-10-1999

ವಿದ್ಯಾ,

ಸೋಮವಾರದ ಬಸ್ಸಿಗೆ ಬರುತ್ತೇನೆ. ಕಾಸಿಂಸಾಬನಿಗೆ ಹೇಳಿ ಸೀಟು ಹಿಡಿಸಿದ್ದೇನೆ. ಎರಡು ಹಳೆಯ ಸೀರೆ ಹರಿದು, ಕುದಿಸಿ, ಮಡಚಿ ಇಟ್ಟುಕೊಂಡಿದ್ದೇನೆ, ಚರ್ಮ ಒರೆಸಲು ಮೆತ್ತಗೆ ಇರುತ್ತವೆ. ನರ್ಸಮ್ಮನಿಗೆ ಹೇಳು, ಒಂದೇ ಸಲ ತೋರಿಸಿದರೆ ಸಾಕು, ನಾನು ಕಲಿಯುತ್ತೇನೆ.

ನಾನು ಕೂಡಲೇ ಒಪ್ಪಿದೆ ಎಂದು ಚನ್ನಿಗೆ ಹೇಳಬೇಡ. ಬಹಳ ಕಾಲು ಹಿಡಿಸಿಕೊಂಡಳು ಎಂದು ಹೇಳು.

ಗುರವ್ವ